ಹೆಸರು ಮಾತ್ರ ಕೇಳಬೇಡಿ!

"ಇದನ್ನ ಹೇಳಿದ್ದು ಯಾರು?"

ಬಾಗಿಲು ಗೋಡೆಗೆ ಬಡಿದ ಸದ್ದಿಗೆ ಅವಳ ಎದೆ ಧಸಕ್ಕೆಂದಿತು.

ಎದುರಿಗೆ ನಿಂತಿದ್ದವನು ಅವಳು ಕೆಲಸ ಮಾಡುತ್ತಿದ್ದ ನರ್ಸಿಂಗ್ ಕಾಲೇಜಿನಲ್ಲಿ ತುರ್ತು ಚಿಕಿತ್ಸೆ ಕಲಿಸುವ ಉಪನ್ಯಾಸಕ. ವಿದ್ಯಾರ್ಥಿಗಳು ಅವನಿಗಿಟ್ಟ ಹೆಸರು ಸಿಡಿಲು ಮೇಷ್ಟ್ರು. ಅವನು ಕಾರಿಡಾರಿಗೆ ಬಂದರೆ ಸಾಕು, ಹರಟುತ್ತಿದ್ದ ಹುಡುಗಿಯರೆಲ್ಲ ಗಪ್‌ಚುಪ್!

"ಕೂತ್ಕೊಳ್ಳಿ ಸರ್..."

"ಕೂರೋಕೆ ಬಂದಿಲ್ಲ. 'ಆ ಕ್ಲಾಸಲ್ಲಿ ಕಲಿತಿದ್ದು ಭಯ ಒಂದೇ' ಅಂತ ನಿಮ್ಮ ವರದೀಲಿದೆ. ಯಾರು ಹೇಳಿದ್ದು?"

ಇಲ್ಲಿ ಓದಿ ಹೊರಗೆ ಹೋದವರಿಗೆ ಫೋನು ಮಾಡಿ, ಕಲಿತದ್ದರಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಎಂದು ಕೇಳುವುದೇ ಅವಳ ಕೆಲಸ. ಆ ಉತ್ತರಗಳ ಮೇಲೆ ಮುಂದಿನವರ ಪಾಠ ತಿದ್ದಬೇಕೆಂಬುದು ಉದ್ದೇಶ. ಅವಳ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಪ್ರಾಂಶುಪಾಲರ ಒಂದು ಮಾತಿಗೆ ಗಂಟುಮೂಟೆ ಕಟ್ಟಬೇಕಾದೀತು.

ಆದರೂ ಹೇಳಿದಳು.

"ಹೆಸರು ಮಾತ್ರ ಕೇಳಬೇಡಿ ಸರ್. ಮಾತು ಕೊಟ್ಟಿದೀನಿ. ಬೇಕಾದ್ರೆ ಅವರು ಹೇಳಿದ್ದನ್ನ ಪೂರ್ತಿ ಹೇಳ್ತೀನಿ... ಕೇಳೋ ಧೈರ್ಯ ಇದೆಯಾ?"

ಅಯ್ಯೋ! ಏನಂದುಬಿಟ್ಟೆ ನಾನು?

ಅವನ ಕಣ್ಣು ಕೆಂಪಾಯಿತು. ಬಾಗಿಲು ದಡಾರನೆ ಎಳೆದುಕೊಂಡು ಹೊರಟುಹೋದ.

ಮನೆಗೆ ಬಂದು ಹೇಳಿದಾಗ ಅವಳ ಅಕ್ಕ ಬಾಯಿ ಬಿಟ್ಟು ನಕ್ಕಳು. "ಜಿರಲೆ ಕಂಡ್ರೆ ಮಂಚ ಹತ್ತೋಳು ನೀನು! ಸಿಡಿಲಿಗೇ ಎದುರು ನಿಂತ್ಯಾ?"

"ನಗಬೇಡ ಅಕ್ಕಾ... ಕೈಕಾಲು ಈಗ್ಲೂ ನಡುಗ್ತಿದೆ."

ಮರುದಿನ ಅವನು ಮತ್ತೆ ಬಂದ. ಈ ಸಲ ಬಾಗಿಲು ತಟ್ಟಿ.

"ಧೈರ್ಯ ಇದೆಯೋ ಇಲ್ವೋ ಗೊತ್ತಿಲ್ಲ. ಹೇಳಿ, ಕೇಳ್ತೀನಿ."

ಅವಳು ಹೇಳಿದಳು. ಹೆಸರಿಲ್ಲ, ಊರಿಲ್ಲ, ಆಸ್ಪತ್ರೆಯ ಗುರುತಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್ ಒಬ್ಬಳು. ಡಾಕ್ಟರ್ ಬರೆದ ಔಷಧದ ಪ್ರಮಾಣ ಹೆಚ್ಚಾಯಿತೇನೋ ಎಂಬ ಅನುಮಾನ ಅವಳಿಗೆ ಬಂದಿತ್ತು. ಕೇಳಬೇಕೆಂದು ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಕಾಲೇಜಿನಲ್ಲಿ ಪ್ರಶ್ನೆ ಕೇಳಿದಾಗಲೆಲ್ಲ 'ಇಷ್ಟೂ ಗೊತ್ತಿಲ್ವಾ?' ಎಂದು ಇಡೀ ತರಗತಿಯ ಮುಂದೆ ನಿಲ್ಲಿಸಿದ್ದು ನೆನಪಾಯಿತು. ಸುಮ್ಮನೆ ಚುಚ್ಚುಮದ್ದು ಕೊಟ್ಟಳು. ಹಾಸಿಗೆಯಲ್ಲಿದ್ದ ಅಜ್ಜಿಯ ಉಸಿರು ನಿಧಾನವಾಯಿತು... ಇನ್ನೂ ನಿಧಾನವಾಯಿತು...

"ಅಜ್ಜಿ?" ಅವನ ದನಿ ಒಡೆದಿತ್ತು.

"ಉಳಿದ್ರು. ಹಿರಿಯ ನರ್ಸ್ ಒಬ್ರು ಸಮಯಕ್ಕೆ ಬಂದ್ರು. ಆದ್ರೆ ಈ ಹುಡುಗಿ ಇವತ್ತಿಗೂ ಸಿರಿಂಜ್ ಹಿಡಿದ್ರೆ ನಡುಗ್ತಾಳಂತೆ."

ಅವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. "ಗದರಿದ್ರೆ ತಪ್ಪು ಮಾಡಲ್ಲ ಅಂದ್ಕೊಂಡಿದ್ದೆ. ನನಗೆ ಕಲಿಸಿದವರೂ ಹಾಗೇ ಕಲಿಸಿದ್ರು..."

ಸಿಡಿಲು ಮೇಷ್ಟ್ರ ಕಣ್ಣಲ್ಲಿ ನೀರು! ಅವಳಿಗೆ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ.

ಅಂದಿನಿಂದ ಅವನು ದಿನಾ ಸಂಜೆ ಬರತೊಡಗಿದ. ಹಳೆಯ ವಿದ್ಯಾರ್ಥಿಗಳ ಉತ್ತರಗಳನ್ನು ಅವಳು ಓದುತ್ತಿದ್ದಳು, ಅವನು ಪಾಠ ತಿದ್ದುತ್ತಿದ್ದ. ಡಾಕ್ಟರ್ ಹೇಳಿದ್ದನ್ನು ತಡೆದು ಪ್ರಶ್ನಿಸುವುದನ್ನೇ ಒಂದು ಅಭ್ಯಾಸವಾಗಿ ಕಲಿಸತೊಡಗಿದ. ಮೊದಲ ದಿನ ಒಬ್ಬಳೂ ಬಾಯಿ ಬಿಡಲಿಲ್ಲವಂತೆ!

"ನಾನು ನಕ್ಕೆ, ಅದಕ್ಕೆ ಇನ್ನೂ ಹೆದರಿಕೊಂಡ್ರು," ಎಂದು ಪೆಚ್ಚಾಗಿ ಹೇಳಿದ.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ನೋಡುತ್ತಲೇ ಇದ್ದ. ಅವನು ಹೋದ ಮೇಲೂ ಅವಳ ಕೆನ್ನೆ ಬಿಸಿಯಾಗಿಯೇ ಇತ್ತು.

ಇದೇನಾಗ್ತಿದೆ ನನಗೆ?

ಆ ಸುಖ ಹೆಚ್ಚು ದಿನ ಉಳಿಯಲಿಲ್ಲ.

ಪ್ರಾಂಶುಪಾಲರು ಕರೆಸಿದರು. "ಆ ಅಜ್ಜಿ ವಿಷಯ ಹೊರಗೆ ಹೋದ್ರೆ ಕಾಲೇಜಿನ ಮಾನ ಬೀದಿಪಾಲು. ನಾಳೆ ಆಡಳಿತ ಮಂಡಳಿ ಸಭೆ. ಆ ಹುಡುಗಿ ಹೆಸರು ಬೇಕು."

"ಸರ್... ಅವಳ ಕೆಲಸ ಹೋಗುತ್ತೆ!"

"ಕೊಡದಿದ್ರೆ ನಿಮ್ಮದು ಹೋಗುತ್ತೆ. ಇದು ನಾನೊಬ್ಬನೇ ಕೇಳ್ತಿರೋದಲ್ಲ. ನಿಮ್ಮ ಸಿಡಿಲು ಮೇಷ್ಟ್ರೇ ಬಂದು, ಯಾರು ಅಂತ ಪತ್ತೆ ಮಾಡಿಸಿ ಅಂದಿದಾರೆ."

ಕಾಲಡಿಯ ನೆಲ ಕುಸಿದಂತಾಯಿತು.

ಅವನಾ? ಹಾಗಾದರೆ ಆ ಕಣ್ಣೀರು? ದಿನಾ ಬಂದು ಕೂರುತ್ತಿದ್ದದ್ದು, ಹೆಸರು ಬಾಯಿ ಬಿಡಿಸೋಕಾ?

ಆ ಸಂಜೆ ಅವನು ಬಾಗಿಲು ತಟ್ಟಿದಾಗ ಅವಳು ಒಳಗಿದ್ದೂ ತೆಗೆಯಲಿಲ್ಲ. ಮೇಜಿನ ಅಂಚು ಬಿಗಿಯಾಗಿ ಹಿಡಿದು, ಹೆಜ್ಜೆ ಸದ್ದು ದೂರವಾಗುವವರೆಗೂ ಉಸಿರು ಬಿಗಿಹಿಡಿದಿದ್ದಳು.

ಮರುದಿನ ಸಭೆಯ ಕೋಣೆ. ಉದ್ದನೆಯ ಮೇಜು, ಸುತ್ತ ಗಂಟುಮುಖಗಳು. ಕೊನೆಯಲ್ಲಿ ಅವನು. ಅವಳು ಅತ್ತ ತಿರುಗಿಯೂ ನೋಡಲಿಲ್ಲ.

"ಹೆಸರು ಹೇಳಿ. ಪತ್ತೆ ಮಾಡಿಸಿ ಅಂತ ಕೇಳಿದ್ದೇ ನಿಮ್ಮ ಮೇಷ್ಟ್ರು," ಅಂದರು ಪ್ರಾಂಶುಪಾಲರು.

ಬೇಡಮ್ಮಾ, ಹೇಳಿಬಿಡು, ನಿನಗ್ಯಾಕೆ ಊರ ಉಸಾಬರಿ ಎಂದಿತು ಒಂದು ಮನಸ್ಸು. ಆದರೆ ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತ ಆ ಹುಡುಗಿಯ ದನಿ ಕಿವಿಯಲ್ಲಿತ್ತು.

"ಹೇಳಲ್ಲ ಸರ್. ಇವತ್ತು ಒಂದು ಹೆಸರು ಹೇಳಿದ್ರೆ, ನಾಳೆಯಿಂದ ಯಾರೂ ನಮಗೆ ನಿಜ ಹೇಳಲ್ಲ. ಕಾಲೇಜು ಚೆನ್ನಾಗಿದೆ, ಎಲ್ಲಾ ಚೆನ್ನಾಗಿದೆ ಅಂತಾರೆ. ಆ ಕಡೆ ಇನ್ನೊಬ್ಬ ಅಜ್ಜಿ... ಅವರು ಉಳೀದೇ ಹೋಗಬಹುದು." ದನಿ ಒಡೆಯಿತು. "ಬೇಕಾದ್ರೆ ನನ್ನನ್ನ ಕಳಿಸಿಬಿಡಿ."

ಕುರ್ಚಿ ಸರಿದ ಸದ್ದು. ಅವನು ಎದ್ದು ನಿಂತಿದ್ದ.

"ಹೆಸರು ಬೇಕಿದ್ರೆ ನನ್ನದು ಬರ್ಕೊಳ್ಳಿ. ಆ ಹುಡುಗಿಗೆ ಬಾಯಿ ಮುಚ್ಚಿರೋದನ್ನ ಕಲಿಸಿದ್ದು ನಾನು. ಪತ್ತೆ ಮಾಡಿಸಿ ಅಂದಿದ್ದು ನಿಜ. ವರದಿ ನೋಡಿದ ದಿನ, ಸಿಟ್ಟಲ್ಲಿ. ಮರುದಿನವೇ ಬಂದು, ಅಜ್ಜಿ ವಿಷಯ ಹೇಳಿ, ಬೇಡ, ತಪ್ಪು ನನ್ನದು ಅಂತಲೂ ಹೇಳಿದೆ. ಪ್ರಾಂಶುಪಾಲರು ಮೊದಲನೇ ಮಾತು ಮಾತ್ರ ನೆನಪಿಟ್ಕೊಂಡಿದಾರೆ."

ಪ್ರಾಂಶುಪಾಲರು ಕನ್ನಡಕ ಒರೆಸತೊಡಗಿದರು.

ಮೇಜಿನ ನಡುವಿದ್ದ ಹಿರಿಯ ವೈದ್ಯೆ, ಮಂಡಳಿಯ ಅಧ್ಯಕ್ಷೆ, ಎದುರಿಗಿದ್ದ ವರದಿಯನ್ನು ಮುಚ್ಚಿಟ್ಟರು. ಆಮೇಲೆ ಹೇಳಿದರು. "ನನ್ನ ವಾರ್ಡಿನಲ್ಲೂ ಹೀಗೆ ಹೆದರಿ ಸುಮ್ಮನಿರೋರು ಎಷ್ಟು ಜನರೋ... ಹೆಸರು ಬೇಡ. ಈ ಹೊಸ ಪಾಠ ಎಲ್ಲಾ ತರಗತಿಗೂ ಬರಲಿ. ಈಕೆ ಕೆಲಸ ಕಾಯಂ ಮಾಡಿ. ಫೋನ್ ಮಾಡೋದನ್ನ ನಿಲ್ಲಿಸಬೇಡಮ್ಮ."

ಹೊರಗೆ ಬಂದವಳಿಗೆ ನಿಲ್ಲಲಾಗಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತು ಮೊದಲು ಆ ನರ್ಸ್‌ಗೆ ಫೋನು ಮಾಡಿದಳು. "ನಿನ್ನ ಹೆಸರು ಯಾರಿಗೂ ಗೊತ್ತಾಗಲ್ಲ ಕಣೇ..." ಆಚೆ ಕಡೆ ಅಳು, ನಗು ಎರಡೂ ಒಟ್ಟಿಗೆ ಕೇಳಿಸಿತು.

ಫೋನಿಟ್ಟಾಗ ಅವನು ಒಂದು ಮೆಟ್ಟಿಲು ಕೆಳಗೆ ನಿಂತಿದ್ದ.

"ಕೂರ್ಲಾ?"

ಅವಳು ತಲೆಯಾಡಿಸಿದಳು.

"ನಿನ್ನೆ ನೀವು ಒಳಗೇ ಇದ್ರಿ ಅಲ್ವಾ?"

"ಇದ್ದೆ... ನೀವು ನನ್ನಿಂದ ಹೆಸರು ಕದಿಯೋಕೆ ಬರ್ತಿದ್ರಿ ಅಂದ್ಕೊಂಡೆ. ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಕ್ಷಮಿಸಿ."

"ಮೊದಲ ದಿನ ಸಿಟ್ಟಲ್ಲಿ ಏನಂದಿದ್ದೆ ಅಂತ ನಾನೇ ನಿಮಗೆ ಹೇಳಬೇಕಿತ್ತು. ಹೇಳಿದ್ರೆ ನೀವು ಮುಖ ತಿರುಗಿಸ್ತೀರೇನೋ ಅಂತ ಹೆದರಿದೆ."

"ನೀವು? ಹೆದರಿದ್ರಾ?"

"ಈಗ್ಲೂ ಹೆದರ್ತಿದೀನಿ. ನೋಡಿ ಬೇಕಾದ್ರೆ." ಅವನು ಕೈ ಚಾಚಿದ. ಬೆರಳುಗಳು ನಿಜಕ್ಕೂ ಸಣ್ಣಗೆ ನಡುಗುತ್ತಿದ್ದವು. "ನೀವಂದ್ರೆ ನಂಗೆ ತುಂಬಾ ಇಷ್ಟ. ಕೆಲಸದ ನೆಪ ಸಾಕಾಯ್ತು. ನಾಳೆ ಸುಮ್ನೆ ನಿಮ್ಮನ್ನ ನೋಡೋಕೆ ಬರ್ಲಾ?"

ಅವಳ ಎದೆ ಮತ್ತೆ ಹೊಡೆದುಕೊಂಡಿತು. ಹೆದರಿಕೆಯೇ... ಆದರೆ ಓಡಿಹೋಗಬೇಕೆನಿಸದ ಹೆದರಿಕೆ. ನಡುಗುತ್ತಿದ್ದ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಅವಳ ಕೈಯೂ ನಡುಗುತ್ತಿತ್ತು.

"ಬನ್ನಿ... ಆದ್ರೆ ಮನೆಗೆ ಬನ್ನಿ. ಅಕ್ಕ ಇರ್ತಾಳೆ."

"ಅಕ್ಕ ಜೋರಾ?"

"ನಿಮಗಿಂತ!"

ಅವನು ಉಗುಳು ನುಂಗಿದ. "ಜೊತೆಗೆ ನೀವಿರ್ತೀರಲ್ಲ?"

"ಇರ್ತೀನಿ," ಎಂದಳು ಮೆಲ್ಲಗೆ. "ಪಕ್ಕದಲ್ಲೇ."