ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಇದು ನನಗೇ ಆದದ್ದು. ಹೇಳುವಾಗ ಈಗಲೂ ಮೈ ಜುಮ್ಮೆನ್ನುತ್ತದೆ! ಕೆಲಸ ಕಳೆದುಕೊಂಡ ದಿನ, ಸುಡುಬಿಸಿಲಿನಲ್ಲಿ ಅಳು ತಡೆಯಲಾಗದೆ ಬೆಂಗಳೂರಿನ ಗೊರಗುಂಟೆಪಾಳ್ಯದ ಒಂದು ಪುಟ್ಟ ಚರ್ಚಿಗೆ ನುಗ್ಗಿದೆ. ಗುಡಿಗೆ ಹೋಗುವ ಅಭ್ಯಾಸ, ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟೆ. ಅಲ್ಲಿ ಹೆಂಗಸಿನದೊಂದು ಜೊತೆ ಮಾತ್ರ ಇತ್ತು. ಒಳಗೆ ಎಲ್ಲರೂ ಚಪ್ಪಲಿ ಹಾಕಿಕೊಂಡೇ ಕೂತಿದ್ದರು.

ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತೆ. ಪಕ್ಕದಲ್ಲಿ ತೊಯ್ದ ಎರಡು ಬರಿಗಾಲು ಕಂಡವು. ಮಂಜಿನಂಥ ಕೈಯೊಂದು ಬೆನ್ನು ಸವರಿತು. ಹೆಣ್ಣುದನಿ, ನಮ್ಮ ಕಲಬುರಗಿಯದೇ ಮಾತು: "ಅಳಬ್ಯಾಡೋ ತಮ್ಮಾ. ಇಲ್ಲಿ ಯಾರೂ ಹೊರಗ ಹೋಗು ಅನ್ನಂಗಿಲ್ಲ."

ತಲೆ ಎತ್ತಿದರೆ ಯಾರೂ ಇಲ್ಲ. ಬೆಂಚು ಒದ್ದೆಯಾಗಿತ್ತು.

ಪಕ್ಕದಲ್ಲಿ ಕೂತಿದ್ದವರು ಯಾರೆಂದು, ಟೀ ತಂದುಕೊಟ್ಟ ಚರ್ಚಿನ ಕೆಲಸದ ಫಿಲೋಮಿನಮ್ಮನನ್ನು ಕೇಳಿದೆ. "ನಿಮ್ ಕಡೆಯವ್ರೇ ಕಣ್ರೀ. ಮೂರು ವರ್ಷದ ಹಿಂದೆ ಮಳೇಲಿ ನೆನ್ಕೊಂಡು ಅಳ್ತಾ ಬಂದ್ರು. ಚಪ್ಪಲಿ ಬಿಟ್ಟು ಒಳಗೆ ಬಂದಿದ್ದು ನೋಡಿದ್ವಿ, ಹೊರಗೆ ಹೋಗಿದ್ದು ಯಾರೂ ನೋಡಿಲ್ಲ. ಹೋಗುವಾಗ ಬೇಕಾಗತ್ತೆ ಅಂತ ಅದನ್ನ ಅಲ್ಲೇ ಬಿಟ್ಟಿದೀವಿ."

ಇಬ್ಬರೂ ಬಾಗಿಲಿಗೆ ಓಡಿದೆವು. ಅವಳ ಚಪ್ಪಲಿ ಅಲ್ಲೇ ಇತ್ತು. ನನ್ನದು ಇರಲಿಲ್ಲ. ಕಾದ ಮೆಟ್ಟಿಲುಗಳ ಮೇಲೆ, ಗೇಟಿನವರೆಗೂ, ನನ್ನ ಚಪ್ಪಲಿಯ ಒದ್ದೆ ಗುರುತು ಇನ್ನೂ ಆರಿರಲಿಲ್ಲ.