ಅಜ್ಜಿಯ ಹಸಿರು ಕಣ

ಮದ್ದೂರಿನ ನಮ್ಮ ಮನೆಯಲ್ಲಿ ಬಳಸದೆ ಉಳಿದ ರವಿಕೆ ಕಣಗಳನ್ನೆಲ್ಲ ತ್ರಿಕೋನವಾಗಿ ಕತ್ತರಿಸಿ, ಅಕ್ಕನ ಮಗುವಿಗೆ ಕೌದಿ ಹೊಲಿಯುತ್ತಿದ್ದೆ. ಮರುದಿನವೇ ತೊಟ್ಟಿಲು ಶಾಸ್ತ್ರ. ತೀರಿಹೋದ ಅಜ್ಜಿಯ ಹಸಿರು ತುಂಡೊಂದು ಮಾತ್ರ ನಿಲ್ಲುತ್ತಿರಲಿಲ್ಲ. ಹೊಲಿದಿಟ್ಟು ಎದ್ದು ಹೋಗಿ ಬಂದರೆ ಬಿಚ್ಚಿರುತ್ತಿತ್ತು. ದಾರ ನೀಟಾಗಿ ರೀಲಿಗೆ ಸುತ್ತಿರುತ್ತಿತ್ತು.

“ಕೋಳಿ ಕೆದರ್ದಂಗೆ ಒಲಿದ್ರೆ ನಿಂತ್ಕತ್ತದಾ? ನಿಮ್ಮಜ್ಜಿ ಇದ್ದಿದ್ರೆ ಕಿತ್ತೆಸೆಯೋಳು ಕಣಮ್ಮ,” ಎಂದಳು ಅವ್ವ.

ನನಗೆ ರೇಗಿಹೋಯಿತು. “ಅಂಗಾದ್ರೆ ನೀನೇ ಒಲ್ಕೊ, ಅಜ್ಜಿ!” ಎಂದು ಕೂಗಿ, ಸೂಜಿ ಚುಚ್ಚಿಟ್ಟು, ಅವ್ವನ ಜೊತೆ ಅಡುಗೆಮನೆಯಲ್ಲಿ ಕಾಫಿ ಕುಡಿದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ವಾಪಸು ಬಂದಾಗ ಹಸಿರು ತುಂಡು ತನ್ನ ಜಾಗದಲ್ಲಿ ಕೂತಿತ್ತು, ಸಾಸಿವೆಯಷ್ಟು ಸಣ್ಣ ಹೊಲಿಗೆಯಲ್ಲಿ. ಸೂಜಿಯಲ್ಲಿ ಹೊಸ ದಾರವಿತ್ತು. ಪೋಣಿಸಲು ಬಾಯಲ್ಲಿ ಚೀಪಿದಂತೆ ಅದರ ತುದಿ ಒದ್ದೆಯಾಗಿತ್ತು.

ಮಗು ಈಗ ಆ ಕೌದಿಯ ಮೇಲೇ ಮಲಗುತ್ತದೆ. ಸೂಜಿ ನನ್ನ ಹತ್ತಿರವಿದೆ. ದಾರದ ತುದಿ ಇನ್ನೂ ಒಣಗಿಲ್ಲ.