ಬಣ್ಣದೊಳಗೆ ಸೇರಿಹೋದವರ ಸೇತುವೆ

ದೇವರು ಲೋಕಕ್ಕೆ ಬಳಿದ ಬಣ್ಣ ಇನ್ನೂ ಹಸಿಯಾಗಿದ್ದ ಕಾಲ. ಆಗ ಕುಮುದಪುರ ಅಂತ ಒಂದು ರಾಜ್ಯವಿತ್ತು. ಅಲ್ಲಿ ಮಾಚಯ್ಯನೆಂಬ ಹೂವಾಡಿಗನಿದ್ದ. ಗುಡಿಗೆ ಮಾಲೆ ಕಟ್ಟುವುದೇ ಅವನ ಕಸುಬು. ಕೆಂಪಿನ ಪಕ್ಕ ಯಾವ ಹಳದಿ ಇಟ್ಟರೆ ಸ್ವಾಮಿಯ ಮುಖ ನಗುತ್ತದೆ ಅಂತ ಅವನ ಬೆರಳಿಗೇ ಗೊತ್ತಿತ್ತು. ಅವನ ಹೆಂಡತಿ ಸಿಂಗವ್ವ. ಭಕ್ತಿಯ ಹೆಣ್ಣು, ಬಾಯಿ ಜೋರು.

ಧೂಮಕಂಠನೆಂಬ ಮಾಯಗಾರ ಒಂದು ದಿನ ಬಂದು ಅರಮನೆಯ ಹಜಾರದಲ್ಲಿ ಒಂದು ಚಿತ್ರ ತೂಗುಹಾಕಿದ. ತೋಟದ ಕೊಳ, ನೈದಿಲೆ, ಕೊಳದ ಮೇಲೆ ಬಾಗಿದ ಒಂದು ಸೇತುವೆ. ಒಂದು ಗೆರೆಯೂ ಇಲ್ಲ, ಬರೀ ಬಣ್ಣದ ತೊಟ್ಟುಗಳು. ದೂರದಿಂದ ನೀರು ಅಲುಗುತ್ತಿತ್ತು.

ಕುಮುದಪುರದವರ ರೂಢಿ ಗೊತ್ತಲ್ಲ? ಚೆಂದದ್ದು ಕಂಡರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಜನ ಇದು ಕೈಲಾಸದ ಕೊಳವೇ ಅಂದುಕೊಂಡರು, ಮುಟ್ಟಿದರು. ಮುಟ್ಟಿದವರು ಮುಟ್ಟಿದಲ್ಲೇ ಒಂದು ತೊಟ್ಟು ಬಣ್ಣವಾಗಿ ಚಿತ್ರಕ್ಕೆ ಸೇರಿಹೋದರು. "ಅಯ್ಯೋ ಶಿವನೇ, ಎಷ್ಟು ಚೆನ್ನಾಗಿದೆ!" ಅಂತ ಸಿಂಗವ್ವನೂ ಕೈ ಚಾಚಿದಳು. ಮಾಚಯ್ಯ ತಿರುಗಿ ನೋಡುವಷ್ಟರಲ್ಲಿ ಅವಳಿರಲಿಲ್ಲ.

"ಸುಟ್ಟುಬಿಡಿ, ಮಹಾಪ್ರಭು!" ಅಂತ ಅವನು ಅರಸನ ಕಾಲಿಗೆ ಬಿದ್ದ.

"ಸುಟ್ಟರೆ ಒಳಗಿರುವವರೂ ಸುಟ್ಟುಹೋಗುತ್ತಾರಲ್ಲಪ್ಪಾ," ಅಂತ ಅರಸನೂ ಅತ್ತ.

ಧೂಮಕಂಠ ನಕ್ಕ. "ಅಳಬೇಡ, ಹೂವಾಡಿಗ. ಮೂರು ಸಲ ನೋಡು, ಮೂರು ಸಲ ಹೇಳು. ನಿನ್ನವಳು ಎಲ್ಲಿದ್ದಾಳೆ ಅಂತ ಸರಿಯಾಗಿ ಹೇಳಿದರೆ ನನ್ನ ಮಾಯೆ ಮುರಿಯುತ್ತೆ. ಆದರೆ ಹೇಳಿದ್ದು ಸರಿಯಾಗಲಿ ತಪ್ಪಾಗಲಿ, ನೋಡಿದ ಒಂದೊಂದು ಸಲಕ್ಕೂ ನಿನ್ನ ಕಣ್ಣಿನ ಒಂದೊಂದು ಬಣ್ಣ ನನಗೆ. ಒಪ್ಪಿಗೆಯೇ?"

"ಒಪ್ಪಿಗೆ."

ಬೆಳಗ್ಗೆ ಮಾಚಯ್ಯ ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋದ. ಎಲ್ಲಿಯ ಸೇತುವೆ, ಎಲ್ಲಿಯ ನೀರು! ಬರೀ ಬಣ್ಣದ ಕಲೆಗಳು. ಒಂದು ಕೆಂಪು ತೊಟ್ಟು ಸಿಂಗವ್ವನ ಕುಂಕುಮದಂತೆ ಕಂಡಿತು. "ಇವಳೇ!" ಅಂದ.

"ಅಲ್ಲ," ಅಂದ ಧೂಮಕಂಠ. ಮಾಚಯ್ಯನ ಕಣ್ಣಿಂದ ಕೆಂಪು ಹೋಯಿತು. ಅಂಗಳದ ದಾಸವಾಳವೆಲ್ಲ ಅವನಿಗೆ ಬೂದಿಬಣ್ಣವಾಯಿತು.

ಮಧ್ಯಾಹ್ನ ಮತ್ತೆ ಹತ್ತಿರ ಹೋದ. ಒಂದು ಹಳದಿ ತೊಟ್ಟು ಅವಳ ಕೆನ್ನೆಯ ಅರಿಸಿನದಂತೆ ಕಂಡಿತು. "ಇವಳೇ, ದೇವರಾಣೆ!"

"ಅಲ್ಲ. ಹೆಂಡತಿಯ ಗುರುತೇ ಇಲ್ಲವಲ್ಲೋ ನಿನಗೆ!" ಹಳದಿಯೂ ಹೋಯಿತು. ಬಿಸಿಲೂ ಬೂದಿಯಾಯಿತು.

ಸಂಜೆ ಅವನು ಚಿತ್ರದ ಮುಂದೆ ಬಂದು ನಿಂತ. "ಸ್ವಾಮೀ, ಇನ್ನು ನನ್ನ ಕೈಲಾಗದು, ನೀನೇ ನೋಡು," ಅನ್ನುತ್ತ ಹಿಂದೆ ಹಿಂದೆ ಸರಿದು ಹಜಾರದ ಆ ತುದಿಯ ಕಂಬಕ್ಕೆ ಒರಗಿ ಕುಳಿತ. ತಲೆ ಎತ್ತಿದ.

ಚಿತ್ರ ತೆರೆದುಕೊಂಡಿತು. ಅವನ ಕಣ್ಣಲ್ಲಿ ಉಳಿದದ್ದು ನೀಲಿಯೊಂದೇ. ಆ ನೀಲಿಯಲ್ಲಿ ಸೇತುವೆ ಬಾಗಿತ್ತು, ನೀರಿನಲ್ಲಿ ಅದರ ನೆರಳು ಮೇಲಕ್ಕೆ ಬಾಗಿ ಅದನ್ನು ಕೂಡಿತ್ತು. ನೈದಿಲೆಗಳ ನಡುವೆ ಆಕಾಶ ಇಳಿದು ನಿಂತಿತ್ತು. ಒಂದು ಗಳಿಗೆ ಮಾಚಯ್ಯ ಹೆಂಡತಿಯನ್ನೂ ಮರೆತು, ಕೈಮುಗಿದು ನೋಡಿದ. ಆಮೇಲೆ ಅವನಿಗೆ ತಿಳಿಯಿತು.

"ಒಂದು ತೊಟ್ಟು ತೋರಿಸಲಾರೆ," ಅಂದ. "ನನ್ನವಳೊಬ್ಬಳನ್ನೇ ಹುಡುಕಿದ್ದು ನನ್ನ ತಪ್ಪು. ಒಬ್ಬರ ಅಂಚು ಇನ್ನೊಬ್ಬರಲ್ಲಿ ಕರಗಿದೆ. ಎಲ್ಲರೂ ಸೇರಿಯೇ ಈ ಸೇತುವೆ. ಅವಳು ಇದರ ತುಂಬ ಇದ್ದಾಳೆ. ಬಿಡುವುದಾದರೆ ಎಲ್ಲರನ್ನೂ ಬಿಡು."

ಧೂಮಕಂಠನ ಮುಖ ಕಪ್ಪಿಟ್ಟಿತು. "ಇದರ ಚೆಲುವು ಕಂಡವನು ನೀನೊಬ್ಬನೇ ಕಣೋ! ಕಂಡೂ ಕಂಡೂ ಹಾಳುಮಾಡುತ್ತೀಯಾ?"

ಮಾಚಯ್ಯ ಇನ್ನೊಮ್ಮೆ ನೋಡಿದ. "ಮಾಡುತ್ತೇನೆ," ಅಂದ.

ಸೇತುವೆ ಕರಗಿತು, ಕೊಳ ಸೋರಿತು. ತೊಟ್ಟುತೊಟ್ಟಾಗಿ ಇಳಿದ ಬಣ್ಣ ನೆಲ ಮುಟ್ಟುತ್ತಲೇ ಮನುಷ್ಯರಾಗಿ ಎದ್ದು ನಿಂತಿತು. ಧೂಮಕಂಠ ಕುಂಚ ತೊಳೆದ ನೀರಿನಂತೆ ಹರಿದು ಬಚ್ಚಲು ಸೇರಿದ. ಅವನು ಕಿತ್ತುಕೊಂಡಿದ್ದ ಕೆಂಪು, ಹಳದಿ, ಕೊನೆಯ ನೋಟಕ್ಕೆ ಸಂದ ನೀಲಿ, ಮೂರೂ ಅವನ ಜೊತೆಗೇ ಹೋದವು.

ಅರಸ ಊರಿಗೆಲ್ಲ ಹಬ್ಬದ ಊಟ ಹಾಕಿಸಿದ. ತಾಯಿಗೆ ಮಕ್ಕಳು ಸಿಕ್ಕರು, ಗಂಡನಿಗೆ ಹೆಂಡತಿ ಸಿಕ್ಕಳು. "ಎಂಥ ಪಾಪಿ ಚಿತ್ರ!" ಅಂತ ಎಲ್ಲರೂ ಉಗಿದರು. ದೇವರು ದೊಡ್ಡವನು, ಕುಮುದಪುರದಲ್ಲಿ ಆಮೇಲೆ ಯಾರೂ ಕಣ್ಣೀರಿಟ್ಟಿದ್ದಿಲ್ಲ ಅನ್ನುತ್ತಾರೆ.

ಮಾಚಯ್ಯ ಈಗ ಹೂವನ್ನು ಮೂಸಿ ಕಟ್ಟುತ್ತಾನೆ. ಪರಿಮಳವಿಲ್ಲದ ಕನಕಾಂಬರವನ್ನು ಸಿಂಗವ್ವನೇ ಆರಿಸಿ ಕೊಡಬೇಕು.

ಒಮ್ಮೆ ಹಾಗೆ ಕೊಡುತ್ತಾ ಅವಳು ಕೇಳಿದಳು: "ಏನೂಂದ್ರೆ, ಆ ಸೇತುವೆ ಹೇಗಿತ್ತು? ಒಳಗಿದ್ದ ನಮಗೆ ಏನೂ ಕಾಣಲಿಲ್ಲ ನೋಡಿ."

"ನೀಲಿಯಾಗಿತ್ತು ಕಣೇ," ಅಂದ ಮಾಚಯ್ಯ.

"ಎಂಥ ನೀಲಿ? ಶಂಖಪುಷ್ಪದ್ದೋ, ನವಿಲಿನದೋ?"

ಅವನು ಕಣ್ಣು ಮುಚ್ಚಿ ಬಹಳ ಹೊತ್ತು ಹುಡುಕಿದ. ಹೆಸರು ನಾಲಗೆಯ ಮೇಲಿತ್ತು, ಬಣ್ಣ ಎಲ್ಲೂ ಇರಲಿಲ್ಲ.

"ಚೆನ್ನಾಗಿತ್ತು," ಅಂದು ಮಾಲೆಗೆ ಗಂಟು ಹಾಕಿದ.